ಮ್ಯೂನಿಕ್‌ನ ಬಿಯರ್ ಗಾರ್ಡನ್‌ಗೆ ಬುತ್ತಿ ಒಯ್ಯಬಹುದು, ಯಾಕೆ ಗೊತ್ತಾ?

ಜರ್ಮನಿಯ ಮ್ಯೂನಿಕ್‌ನಲ್ಲಿ ಮರದಡಿ ಕೂತು ಬಿಯರ್ ಕುಡಿಯುವ ಹಳೇ ಬಿಯರ್ ಗಾರ್ಡನ್‌ಗಳಿಗೆ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗಬಹುದು. ಕುಡಿಯುವುದನ್ನು ಅಲ್ಲೇ ಕೊಂಡರೆ ಸಾಕು. ಚಪಾತಿ ಪಲ್ಯದ ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಪಕ್ಕದವರೂ ಬುಟ್ಟಿ ತೆರೆದು ಮೂಲಂಗಿ, ಚೀಸ್, ಬ್ರೆಡ್ ಹರಡಿಕೊಂಡು ಕೂತಿರುತ್ತಾರೆ. ‘ಹೊರಗಿನ ತಿಂಡಿ ತರಬಾರದು’ ಎಂಬ ಬೋರ್ಡ್ ನೋಡುತ್ತಾ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಮಾಲೀಕರು ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಸರ್ಕಾರದ ನಿಯಮದಲ್ಲೇ ಇದು ಬರೆದಿದೆ. ಅದರ ಬೇರು ಹುಡುಕಿದರೆ ಐನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಬವೇರಿಯಾದ ಬಿಯರ್ ಅಂದ ಕೂಡಲೇ ಎಲ್ಲರೂ 1516ರ ಶುದ್ಧತೆಯ ಕಾನೂನಿನ ಹೆಸರು ಹೇಳುತ್ತಾರೆ. ಆ ವರ್ಷದ ಏಪ್ರಿಲ್ 23ರಂದು ಡ್ಯೂಕ್ ನಾಲ್ಕನೇ ವಿಲ್ಹೆಲ್ಮ್ ಇಂಗೋಲ್‌ಸ್ಟಾಟ್‌ನಲ್ಲಿ ಅದನ್ನು ಹೊರಡಿಸಿದ. ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು, ನೀರು ಬಿಟ್ಟು ಬೇರೇನೂ ಬಿಯರ್‌ಗೆ ಹಾಕುವಂತಿಲ್ಲ ಅಂದ. ಯೀಸ್ಟ್‌ನ ಹೆಸರೇ ಅದರಲ್ಲಿಲ್ಲ. ಚಳಿಗಾಲದಲ್ಲಿ ಎಷ್ಟಕ್ಕೆ ಮಾರಬೇಕು, ಬೇಸಿಗೆಯಲ್ಲಿ ಎಷ್ಟಕ್ಕೆ ಮಾರಬೇಕು ಎಂಬುದೂ ಅದೇ ಆದೇಶದಲ್ಲಿತ್ತು. ಆದರೆ ಇವತ್ತು ನಾವು ಮರದ ಕೆಳಗೆ ಕೂರುವುದಕ್ಕೆ ಕಾರಣವಾದದ್ದು ಈ ಕಾನೂನಲ್ಲ. ಜನ ಅಷ್ಟಾಗಿ ಮಾತಾಡದ ಇನ್ನೊಂದು ಕಾನೂನು.

ಅದೇ 16ನೇ ಶತಮಾನದಲ್ಲಿ ಬವೇರಿಯಾದ ದೊರೆಗಳು ಬೇಸಿಗೆಯಲ್ಲಿ ಬಿಯರ್ ಕುದಿಸುವುದನ್ನೇ ನಿಲ್ಲಿಸಿದರು. ಸೆಪ್ಟೆಂಬರ್ 29ರ ಸಂತ ಮೈಕೆಲ್ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜ್ ಹಬ್ಬದವರೆಗೆ ಮಾತ್ರ ಅವಕಾಶ. ಇದಕ್ಕೆ ಎರಡು ಕಾರಣ. ಸೌದೆ ಉರಿಸಿ ದೊಡ್ಡ ಹಂಡೆಗಳಲ್ಲಿ ಕುದಿಸುವಾಗ ಬೇಸಿಗೆಯಲ್ಲಿ ಊರಿಗೇ ಬೆಂಕಿ ಬೀಳುವ ಭಯ ಒಂದು. ಇನ್ನೊಂದು, ಅಲ್ಲಿ ಬಳಸುವ ಯೀಸ್ಟ್‌ಗೆ ತಂಪು ಬೇಕು. ಪಾತ್ರೆಯ ತಳಕ್ಕಿಳಿದು ನಿಧಾನವಾಗಿ ಹುದುಗುವ ಜಾತಿ ಅದು. 10 ಡಿಗ್ರಿಗಿಂತ ಕೆಳಗೆ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಸೆಕೆ ಬಂದರೆ ಬಿಯರ್ ಕೆಡುತ್ತದೆ.

ಕುದಿಸುವುದು ನಿಂತರೂ ಬಾಯಾರಿಕೆ ನಿಲ್ಲಲ್ಲ ಅಲ್ವಾ? ಬೇಸಿಗೆಗೆ ಬೇಕಾದದ್ದನ್ನು ಮಾರ್ಚ್‌ನಲ್ಲೇ ಮಾಡಿಟ್ಟುಕೊಳ್ಳತೊಡಗಿದರು. ಕೆಡದಿರಲಿ ಅಂತ ಸ್ವಲ್ಪ ಗಟ್ಟಿಯಾಗಿ, ಹಾಪ್ಸ್ ಜಾಸ್ತಿ ಹಾಕಿ ಮಾಡುತ್ತಿದ್ದರು. ಅದೇ ಮೆರ್ಟ್ಸನ್ ಬಿಯರ್. ಇದನ್ನು ತಿಂಗಳುಗಟ್ಟಲೆ ತಂಪಾಗಿ ಇಡಲು ಇಜಾರ್ ನದಿಯ ಎತ್ತರದ ದಂಡೆಯಲ್ಲಿ ನೆಲಮಾಳಿಗೆ ತೋಡಿದರು. ಚಳಿಗಾಲದಲ್ಲಿ ಕೆರೆ, ಕೊಳಗಳಿಂದ ಮಂಜುಗಡ್ಡೆ ಕೊಯ್ದು ತಂದು ಪೀಪಾಯಿಗಳ ಪಕ್ಕ ಒಟ್ಟಿದರು. ಮೇಲಿನ ನೆಲ ಕಾಯಬಾರದು ಅಂತ ಜಲ್ಲಿ ಹಾಸಿದರು, ಚೆಸ್ಟ್‌ನಟ್ ಮರ ನೆಟ್ಟರು. ಈ ಮರ ಆರಿಸಿದ್ದರಲ್ಲೂ ಲೆಕ್ಕಾಚಾರವಿದೆ. ಎಲೆ ಅಗಲ, ನೆರಳು ದಟ್ಟ. ಬೇರು ಆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಕೆಳಗಿನ ಕಮಾನಿಗೆ ಪೆಟ್ಟಿಲ್ಲ. ಇವತ್ತಿಗೂ ಬಿಯರ್ ಗಾರ್ಡನ್ ಅಂದರೆ ಕಾಲಡಿ ಕರಕರ ಅನ್ನುವ ಜಲ್ಲಿ, ತಲೆಯ ಮೇಲೆ ಚೆಸ್ಟ್‌ನಟ್ ಎಲೆ. ಅಂದಕ್ಕೆಂದು ಮಾಡಿದ್ದಲ್ಲ ಅದು. ಪೀಪಾಯಿ ತಂಪಾಗಿರಲಿ ಅಂತ ಮಾಡಿದ್ದು.

ತಂಪು ಬಿಯರ್, ಮೇಲೆ ತಂಪು ನೆರಳು. ಜನ ಸುಮ್ನೆ ಇರುತ್ತಾರಾ? ಬೇಸಿಗೆಯ ಸಂಜೆ ನೆಲಮಾಳಿಗೆಗಳ ಹತ್ತಿರವೇ ಬಂದು ಕೂರತೊಡಗಿದರು. ಬಿಯರ್ ಮಾಡುವವರು ಬೆಂಚು ಹಾಕಿದರು, ತಿನ್ನಲೂ ಕೊಡತೊಡಗಿದರು. ಊರೊಳಗಿನ ಸಣ್ಣ ಹೋಟೆಲ್‌ನವರ ವ್ಯಾಪಾರ ಬಿತ್ತು. ದೂರು ರಾಜನವರೆಗೆ ಹೋಯಿತು. ರಾಜ ಮೊದಲನೇ ಮ್ಯಾಕ್ಸಿಮಿಲಿಯನ್ ಜೋಸೆಫ್ 1812ರ ಜನವರಿ 4ರಂದು ಒಂದು ರಾಜಿ ಮಾಡಿದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಯರ್ ಮಾಡುವವರು ತಮ್ಮ ನೆಲಮಾಳಿಗೆಯಲ್ಲೇ ಬಿಯರ್ ಮಾರಬಹುದು, ಜೊತೆಗೆ ಬ್ರೆಡ್ ಕೊಡಬಹುದು. ಬೇರೆ ಊಟ, ಬೇರೆ ಪಾನೀಯ ಮಾರುವಂತಿಲ್ಲ. ಬರೀ ಬ್ರೆಡ್‌ನಲ್ಲಿ ಹೊಟ್ಟೆ ತುಂಬೀತೆ? ಜನ ಮನೆಯಿಂದ ಬುತ್ತಿ ತಂದರು. ಊಟ ಮಾರಬಾರದೆಂಬ ನಿಷೇಧ ಆಮೇಲೆ ಹೋಯಿತು, ಬುತ್ತಿ ಮಾತ್ರ ಉಳಿಯಿತು. ಈ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಸಣ್ಣ ವ್ಯಾಪಾರಿಗಳ ಹೊಟ್ಟೆಪಾಡಿಗೆ ಮಾಡಿದ ಏರ್ಪಾಡು ಊರಿನವರಿಗೆಲ್ಲ ಒಂದು ಹಕ್ಕನ್ನು ಕೊಟ್ಟಿತು.

1870ರ ದಶಕದಲ್ಲಿ ಮ್ಯೂನಿಕ್‌ನ ಪ್ರೊಫೆಸರ್ ಕಾರ್ಲ್ ಫಾನ್ ಲಿಂಡೆ ತಂಪು ಮಾಡುವ ಯಂತ್ರ ತಯಾರಿಸಿದರು. ಅವರ ಬೆನ್ನಿಗೆ ನಿಂತವರು ಸ್ಪಾಟನ್ ಬ್ರೂವರಿಯ ಗೇಬ್ರಿಯಲ್ ಸೆಡ್ಲ್‌ಮೈರ್. ನಮ್ಮ ಅಡುಗೆಮನೆಯ ಫ್ರಿಜ್‌ನ ಹಿಂದೆಯೂ ಬಿಯರ್ ಮಾಡುವವರ ಈ ಅವಸರವಿದೆ. ನೆಲಮಾಳಿಗೆ ಇನ್ನು ಬೇಕಿರಲಿಲ್ಲ, ಆದರೂ ಮರದಡಿ ಬಂದು ಕೂರುವವರು ಕಡಿಮೆಯಾಗಲಿಲ್ಲ.

ಒಳಗೆ ಕೂರುವ ಬಿಯರ್ ಹಾಲ್‌ಗಳ ಕಥೆ ಬೇರೆ. ಎಲ್ಲರೂ ನೋಡಲು ಹೋಗುವ ಹೋಫ್‌ಬ್ರೌಹೌಸ್ ಶುರುವಾದದ್ದು 1589ರಲ್ಲಿ. ಡ್ಯೂಕ್ ಐದನೇ ವಿಲ್ಹೆಲ್ಮ್‌ನ ಅರಮನೆಗೆ ದೂರದ ಐನ್‌ಬೆಕ್‌ನಿಂದ ಬಿಯರ್ ತರಿಸುವುದು ದುಬಾರಿಯಾಗುತ್ತಿತ್ತು, ಅದಕ್ಕೆ ಸ್ವಂತ ಬ್ರೂವರಿ. ಸಾಮಾನ್ಯ ಜನರಿಗೆ ಬಾಗಿಲು ತೆರೆದದ್ದು 1828ರಲ್ಲಿ, ರಾಜ ಮೊದಲನೇ ಲುಡ್ವಿಗ್‌ನ ಕಾಲದಲ್ಲಿ. ಅದೇ ರಾಜನ ಕಾಲದಲ್ಲಿ, 1844ರ ಮೇ ತಿಂಗಳಲ್ಲಿ, ಬಿಯರ್ ಬೆಲೆ ಏರಿದ್ದಕ್ಕೆ ಮ್ಯೂನಿಕ್‌ನಲ್ಲಿ ಗಲಭೆಯಾಯಿತು. ಬೆಲೆ ಇಳಿಸಲೇಬೇಕಾಯಿತು. ಈಗ ಕಾಣುವ ಕಟ್ಟಡ 1897ರದ್ದು.

ಸಾವಿರಾರು ಜನ ಒಟ್ಟಿಗೆ ಕೂರಬಹುದಾದ ಜಾಗ ಅಂದರೆ ರಾಜಕೀಯವೂ ಬರುತ್ತದೆ. 1920ರ ಫೆಬ್ರುವರಿ 24ರಂದು ಹಿಟ್ಲರ್ ತನ್ನ ಪಕ್ಷದ 25 ಅಂಶಗಳನ್ನು ಓದಿದ್ದು ಹೋಫ್‌ಬ್ರೌಹೌಸ್‌ನ ಮಹಡಿಯ ಸಭಾಂಗಣದಲ್ಲಿ. 1923ರ ನವೆಂಬರ್‌ನಲ್ಲಿ ಅಧಿಕಾರ ಕಸಿಯಲು ಹೊರಟದ್ದು ನದಿಯಾಚೆಯ ಬ್ಯುರ್ಗರ್‌ಬ್ರೌಕೆಲ್ಲರ್ ಎಂಬ ಬಿಯರ್ ಹಾಲ್‌ನಿಂದ. 1939ರ ನವೆಂಬರ್ 8ರಂದು ಅದೇ ಹಾಲ್‌ನಲ್ಲಿ ಅವನನ್ನು ಕೊಲ್ಲಲು ಗೇಯೋರ್ಗ್ ಎಲ್ಸರ್ ಎಂಬ ಬಡಗಿ ಇಟ್ಟಿದ್ದ ಬಾಂಬ್ ಸಿಡಿಯಿತು. ರಾತ್ರಿಗಳಲ್ಲಿ ಒಳಗೇ ಅಡಗಿ ಕೂತು, ವೇದಿಕೆಯ ಹಿಂದಿನ ಕಂಬವನ್ನು ಒಬ್ಬನೇ ಕೊರೆದಿದ್ದ. ಬಾಂಬ್ ಸಿಡಿಯುವ ಹೊತ್ತಿಗೆ ಹಿಟ್ಲರ್ ಹೊರಟು 13 ನಿಮಿಷವಾಗಿತ್ತು. ಎಲ್ಸರ್‌ನನ್ನು 1945ರ ಏಪ್ರಿಲ್‌ನಲ್ಲಿ ನಾಜಿಗಳ ಡಾಖೌ ಸೆರೆಶಿಬಿರದಲ್ಲಿ ಕೊಂದರು. ಆ ಹಾಲ್ ಈಗಿಲ್ಲ, 1979ರಲ್ಲಿ ಕೆಡವಿದರು. ಅದಿದ್ದ ಜಾಗದಲ್ಲಿ ನೆಲದಲ್ಲೇ ಎಲ್ಸರ್‌ನ ನೆನಪಿನ ಫಲಕ ಹುದುಗಿಸಿದ್ದಾರೆ. ಹೋಫ್‌ಬ್ರೌಹೌಸ್‌ಗೆ ಹೋದವರು ಅಲ್ಲಿಗೂ ನಡೆದು ಹೋಗಿ ಬನ್ನಿ ಅನ್ನುವುದು ನನ್ನ ಕೋರಿಕೆ.

ಬುತ್ತಿಯ ವಿಷಯ ಕಾಗದಕ್ಕೆ ಬಂದದ್ದು ತೀರಾ ಈಚೆಗೆ. ಊರ ದಕ್ಷಿಣಕ್ಕಿರುವ ವಾಲ್ಡ್‌ವಿರ್ಟ್‌ಶಾಫ್ಟ್ ಗಾರ್ಡನ್‌ನ ಗಲಾಟೆ ತಡೆಯಲಾಗುತ್ತಿಲ್ಲ ಅಂತ ನೆರೆಮನೆಯವರು ಕೋರ್ಟ್‌ಗೆ ಹೋದರು. ರಾತ್ರಿ 9.30ಕ್ಕೆ ಮುಚ್ಚಬೇಕು ಅಂತ ಆದೇಶ ಬಂತು. ಬೇಸಿಗೆಯಲ್ಲಿ ಅಲ್ಲಿ ಆ ಹೊತ್ತಿಗೆ ಇನ್ನೂ ಬೆಳಕಿರುತ್ತದೆ. 1995ರ ಮೇ 12ರಂದು ಸುಮಾರು 25 ಸಾವಿರ ಜನ ಮ್ಯೂನಿಕ್‌ನಲ್ಲಿ ಮೆರವಣಿಗೆ ಹೊರಟರು. ಸರ್ಕಾರ ಬಿಯರ್ ಗಾರ್ಡನ್‌ಗಳಿಗೆಂದೇ ನಿಯಮ ತಂದಿತು. ನೆರೆಯವರ ಕಷ್ಟ ಸರಿಯಾಗಿ ನೋಡಿಲ್ಲ ಅಂತ ಜರ್ಮನಿಯ ಒಕ್ಕೂಟ ಮಟ್ಟದ ಆಡಳಿತ ಕೋರ್ಟ್ ಅದನ್ನು ತಳ್ಳಿಹಾಕಿತು. 1999ರಲ್ಲಿ ತಿದ್ದಿದ ನಿಯಮ ಬಂತು. ಸಂಗೀತ 10 ಗಂಟೆಗೆ, ಸರಬರಾಜು 10.30ಕ್ಕೆ ಬಂದ್, 11ರೊಳಗೆ ಖಾಲಿ. ಬಿಯರ್ ಗಾರ್ಡನ್ ಅನ್ನಿಸಿಕೊಳ್ಳಲು ತೋಟದಂತಿರಬೇಕು, ಬಂದವರು ಸ್ವಂತ ಊಟ ಪುಕ್ಕಟೆ ಕೂತು ತಿನ್ನಲು ಬಿಡಬೇಕು ಎಂಬುದೂ ಅದರಲ್ಲೇ ಇದೆ. ನೆರೆಯವರ ದೂರಿನಲ್ಲೂ ನ್ಯಾಯವಿತ್ತು. ಸಾವಿರ ಜನರ ಗದ್ದಲದ ಪಕ್ಕ ಮಗು ಮಲಗಿಸುವುದು ಸುಲಭವಲ್ಲ. 11 ಗಂಟೆಯ ಮಿತಿ ನನಗಂತೂ ಸರಿಯಾಗಿಯೇ ಕಾಣುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅಲ್ಲಿ ಬುತ್ತಿ ಬಿಚ್ಚಬೇಡಿ, ಅದು ಮಾಣಿ ಬಂದು ಬಡಿಸುವ ಜಾಗ. ಬರಿಯ ಮರದ ಮೇಜು ನೋಡಿ ಕೂರಿ. ಒಳಗಿನ ಹಾಲ್‌ಗಳಲ್ಲಿ ಈ ಸವಲತ್ತು ಇಲ್ಲ. ಜಾಗ ಇದೆಯಾ ಅಂತ ಕೇಳಿ ಅಪರಿಚಿತರ ಪಕ್ಕ ಕೂರುವುದು ಅಲ್ಲಿ ಮಾಮೂಲು. ಆದರೆ ‘ಷ್ಟಾಮ್‌ಟಿಷ್’ ಎಂಬ ಫಲಕವಿದ್ದರೆ ಅದು ಕಾಯಂ ಗಿರಾಕಿಗಳ ಮೇಜು, ಬಿಟ್ಟುಬಿಡಿ. ದೊಡ್ಡ ಮಗ್ ಅಂದರೆ ಪೂರ್ತಿ ಒಂದು ಲೀಟರ್. ಕುಡಿಯದವರು ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್‌ಫೆಲ್‌ಶೋರ್ಲೆ ಕೇಳಿ, ಎಲ್ಲ ಕಡೆ ಸಿಗುತ್ತದೆ. ಮಗ್‌ಗೆ ಡಿಪಾಸಿಟ್ ಕಟ್ಟಿಸಿಕೊಂಡರೆ ವಾಪಸ್ ಕೊಟ್ಟು ದುಡ್ಡು ತಗೊಳ್ಳುವುದು ಮರೆಯಬೇಡಿ. ರೈಲ್ವೆ ಸ್ಟೇಷನ್‌ನಿಂದ ನಡೆದೇ ಹೋಗುವಷ್ಟು ಹತ್ತಿರ ಅಂದರೆ ಆಗುಸ್ಟೀನರ್ ಕೆಲ್ಲರ್. ಬುತ್ತಿ ಕಟ್ಟಿಕೊಳ್ಳಲು ಅಡುಗೆಮನೆ ಇಲ್ಲದ ಪ್ರವಾಸಿಗರಿಗೆ ವಿಕ್ಟುವಾಲಿಯನ್‌ಮಾರ್ಕ್ಟ್ ಸಂತೆಯೇ ಸರಿ. ಅಲ್ಲಿನ ಅಂಗಡಿಗಳಲ್ಲಿ ಬ್ರೆಡ್, ಚೀಸ್, ಹಣ್ಣು ಕೊಂಡು ಸಂತೆಯ ನಡುವಿನ ಗಾರ್ಡನ್‌ನಲ್ಲೇ ಕೂತು ತಿನ್ನಬಹುದು. ಮ್ಯೂನಿಕ್‌ನ ಆರು ದೊಡ್ಡ ಬ್ರೂವರಿಗಳು ಅಲ್ಲಿ ಸರದಿಯ ಮೇಲೆ ಬಿಯರ್ ಕೊಡುತ್ತವೆ, ನೀವು ಹೋದ ದಿನ ಯಾವುದು ಅಂತ ಕೌಂಟರ್‌ನಲ್ಲಿ ಕೇಳಿ.