ಪಾದ ಎತ್ತೋಕೆ ಆಗ್ತಿಲ್ಲ, ಕರೆಂಟ್ ಕೊಡಿಸಿದರೆ ಸಾಕಾ?

ಪ್ರಶ್ನೆ: ಅಮ್ಮ ಇಡೀ ದಿನ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತರು. ಮರುದಿನದಿಂದ ಬಲಪಾದ ಮೇಲೆತ್ತಲು ಆಗುತ್ತಿಲ್ಲ, ಚಪ್ಪಲಿ ಜಾರಿ ಹೋಗುತ್ತೆ. ಎಲ್ಲರೂ ಫಿಸಿಯೋಥೆರಪಿಯಲ್ಲಿ ಸ್ನಾಯುವಿಗೆ ಕರೆಂಟ್ ಕೊಡಿಸಿ ಅಂತಾರೆ. ಕೊಡಿಸಲಾ?

ಉತ್ತರ: ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಮೂತ್ರ ಕಟ್ಟಿದ್ದರೆ ತಡಮಾಡದೆ ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅದೇನೂ ಇಲ್ಲದಿದ್ದರೂ ಒಂದೆರಡು ದಿನದಲ್ಲಿ ವೈದ್ಯರಿಗೆ ತೋರಿಸಿ. ಕರೆಂಟ್ ವಿಚಾರ ಆಮೇಲೆ. ನರ ಎಲ್ಲಿ ಒತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು.

ಮಂಡಿಯ ಹೊರಬದಿಯಲ್ಲಿ, ತುಸು ಕೆಳಗೆ, ಗುಂಡಗಿನ ಮೂಳೆಯೊಂದು ಕೈಗೆ ಸಿಗುತ್ತದೆ. ಅದರ ಕೆಳಗೇ, ಪಾದ ಎತ್ತಿಸುವ ಪೆರೋನಿಯಲ್ ನರ ಮೂಳೆಯನ್ನು ಬಳಸಿ ಹೋಗುತ್ತದೆ. ಅಲ್ಲಿ ಚರ್ಮ ಬಿಟ್ಟರೆ ಮರೆ ಕಡಿಮೆ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತರೆ ಸಾಕು, ಒತ್ತಡ ಬೀಳುತ್ತದೆ. ಪ್ಲಾಸ್ಟರ್ ಬಿಗಿಯಾದರೂ ಅಷ್ಟೇ.

ಆದರೆ ಸೊಂಟದಲ್ಲಿ ನರದ ಬೇರು ಒತ್ತಿದರೂ ಪಾದ ಹೀಗೇ ಬೀಳುತ್ತೆ. ಫಿಸಿಯೋಥೆರಪಿಸ್ಟ್ ಪಾದವನ್ನು ಒಳಕ್ಕೆ ತಿರುಗಿಸಲು ಹೇಳಿ, ಕೈಯಿಂದ ಎದುರು ಒತ್ತುತ್ತಾರೆ. ಅಲ್ಲಿ ಬಲ ಚೆನ್ನಾಗಿದ್ದರೆ ಅನುಮಾನ ಮಂಡಿಯ ಕಡೆಗೆ. ಅದೂ ಸೋತಿದ್ದು, ಮಗ್ಗುಲಾಗಿ ಮಲಗಿ ತೊಡೆ ಎತ್ತೋದೂ ಕಷ್ಟವಾದರೆ ಸೊಂಟದ ಕಡೆಗೆ. ಕಾಲಿನ ಹೆಬ್ಬೆರಳು, ಪಕ್ಕದ ಬೆರಳಿನ ಸಂದಿಯಲ್ಲಿ ಹತ್ತಿ ಸೋಕಿಸಿ ಸ್ಪರ್ಶವನ್ನೂ ನೋಡುತ್ತಾರೆ. ಇನ್ನೊಂದು ಮಾತು ನಾನು ಒತ್ತಿ ಹೇಳುತ್ತೇನೆ: ಮಂಡಿಯ ಬಳಿಯ ಆ ನರ ದಪ್ಪಗಾಗಿದೆಯಾ, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದೆಯಾ ಅಂತ ನೋಡಿಸಲೇಬೇಕು. ಕುಷ್ಠರೋಗವೂ ಇದೇ ನರಕ್ಕೆ ತಗಲುತ್ತದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿ ಇದೆ. ಮುಚ್ಚಿಡುವಂಥದ್ದೇನೂ ಇಲ್ಲ.

ಕರೆಂಟ್ ಕೊಟ್ಟಾಗ ಸ್ನಾಯು ಕುಣಿಯುತ್ತದೆ, ನಿಜ. ಅದರಿಂದ ನರ ಬೇಗ ಬೆಳೆಯುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಸಾಲದು. ನರ ಸುಮ್ನೆ ಒತ್ತಿದ್ದರೆ ಸಾಮಾನ್ಯವಾಗಿ ಕೆಲವು ವಾರದಿಂದ 3 ತಿಂಗಳೊಳಗೆ ಚೇತರಿಸುತ್ತದೆ. ಎಳೆಗಳೇ ಹಾಳಾಗಿದ್ದರೆ ದಿನಕ್ಕೆ ಸುಮಾರು 1 ಮಿ.ಮೀ. ಅಷ್ಟೇ ಬೆಳೆಯೋದು. ಯಾವುದು ಅಂತ ತಿಳಿಯಲು ಸುಮಾರು 3 ವಾರದ ನಂತರ ನರದ ಪರೀಕ್ಷೆ ಮಾಡಿಸುತ್ತಾರೆ.

ಅಲ್ಲಿಯವರೆಗೆ ಕುಕ್ಕರಗಾಲು ಬೇಡ. ಮೀನಖಂಡ ಬಿಗಿಯಾಗದಂತೆ ಟವೆಲ್ಲನ್ನು ಅಂಗಾಲಿಗೆ ಸುತ್ತಿ ದಿನವೂ ತಮ್ಮ ಕಡೆಗೆ ಎಳೆದುಕೊಳ್ಳಲಿ. ಎಡವಿ ಬೀಳದಂತೆ ಪಾದ ಎತ್ತಿಹಿಡಿಯುವ ಸ್ಪ್ಲಿಂಟ್ ಹಾಕಿಸಿ. ಸ್ಪರ್ಶ ಕಡಿಮೆ ಇರುವ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಗೊತ್ತಾಗಲ್ಲ. ಬೆರಳು ಚೂರು ಅಲುಗಾಡತೊಡಗಿದರೆ, ಮಗ್ಗುಲಾಗಿ ಮಲಗಿ ಪಾದ ಎಳೆದುಕೊಳ್ಳುವ ಅಭ್ಯಾಸ ಶುರುಮಾಡಬಹುದು. ಹಾಗೆ ಮಲಗಿದಾಗ ಪಾದದ ಭಾರ ಎತ್ತಬೇಕಿಲ್ಲ. 3 ತಿಂಗಳಾದರೂ ಏನೂ ಬದಲಾಗದಿದ್ದರೆ ನರದ ಶಸ್ತ್ರಚಿಕಿತ್ಸಕರನ್ನು ಕಾಣಿ.