ಆಲ್ಬಿನಿಸಂ ಇದ್ದವರ ಕಣ್ಣಿಗೆ ಪೊರೆ ಬಂದರೆ ಬಲಿಯುವ ತನಕ ಕಾಯಬೇಕಾ?

ಪ್ರಶ್ನೆ: ನಮ್ಮ ಕಾಕಾಗೆ ಹುಟ್ಟಿದಾಗಿನಿಂದ ಮೈ, ಕೂದಲು, ರೆಪ್ಪೆ ಎಲ್ಲಾ ಬಿಳಿ. ಕಣ್ಣು ಸದಾ ಆಡುತ್ತಿರುತ್ತದೆ. ಈಗ ಎರಡೂ ಕಣ್ಣಿಗೆ ಪೊರೆ ಬಂದಿದೆ. ಇಂಥವರಿಗೆ ಆಪರೇಷನ್ ಆಗುತ್ತಾ? ಊರಲ್ಲಿ ಎಲ್ಲರೂ ‘ಪೊರೆ ಬಲಿಯಲಿ’ ಅನ್ನುತ್ತಾರೆ. (ಸೇಡಂ ತಾಲ್ಲೂಕಿನ ಓದುಗರು)

ಆಗುತ್ತದೆ. ಮಾಡಿಸಿ. ಕಾಯಬೇಡಿ. ಕಾಕಾಗೆ ಇರುವುದು ಆಲ್ಬಿನಿಸಂ, ಅಂದರೆ ಹುಟ್ಟಿನಿಂದಲೇ ಮೈ, ಕೂದಲು, ಕಣ್ಣಿಗೆ ಬಣ್ಣ ಇಲ್ಲದಿರುವುದು ಅಥವಾ ತೀರಾ ಕಮ್ಮಿ ಇರುವುದು.

ಈ ‘ಬಲಿಯಲಿ’ ಅನ್ನುವ ಮಾತಿಗೆ ಎಷ್ಟು ಸಲ ಉತ್ತರ ಕೊಟ್ಟರೂ ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ಹಿಂದೆ ಈ ಮಾತಿಗೆ ಕಾರಣ ಇತ್ತು. ಆಗ ಕಣ್ಣೊಳಗಿನ ಮಸೂರವನ್ನೇ ಇಡಿಯಾಗಿ ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದರು. ಆ ಕನ್ನಡಕದಲ್ಲಿ ಓಡಾಡುವುದೇ ಕಷ್ಟ. ಹಾಗಾಗಿ ನೋಟ ಪೂರ್ತಿ ಮಸುಕಾಗುವವರೆಗೆ ಕಾಯುತ್ತಿದ್ದರು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಸಲ ಕಣ್ಣೊಳಗೆ ಕೃತಕ ಲೆನ್ಸ್ ಕೂರಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಪೊರೆಯನ್ನು ಒಳಗೇ ಪುಡಿ ಮಾಡಿ ಹೀರುವ ಫೇಕೋ ತಂದರು. ಈಗ ಕಾಯಲು ಯಾವ ಕಾರಣವೂ ಇಲ್ಲ. ಕಾದರೆ ನಷ್ಟ. ಬಲಿತ ಪೊರೆ ಗಟ್ಟಿಯಾಗುತ್ತದೆ. ಪುಡಿ ಮಾಡಲು ಜಾಸ್ತಿ ಹೊತ್ತು ಬೇಕು, ಅದರ ಪೆಟ್ಟು ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾಗೆ. ತೀರಾ ಬಿಟ್ಟರೆ ಪೊರೆ ಊದಿಕೊಂಡು ಕಣ್ಣಿನ ಒತ್ತಡ ಏರಬಹುದು. ಅದರಿಂದ ನರ ಹಾಳಾದರೆ ಹೋದ ನೋಟ ವಾಪಸ್ ಬರಲ್ಲ. ಮೊದಲೇ ಕಮ್ಮಿ ನೋಟ ಇರುವ ಕಾಕಾಗೆ ಇಷ್ಟು ದೊಡ್ಡ ಅಪಾಯ ಯಾಕೆ?

ಇವರಿಗೆ ಕಾಯುವುದು ಇನ್ನೊಂದು ಕಾರಣಕ್ಕೂ ತಪ್ಪು. ಪಾಪೆಯ ಸುತ್ತಲಿನ ಪರದೆಯಲ್ಲಿ ಬಣ್ಣ ಇಲ್ಲದ್ದರಿಂದ ಮೈಕ್ರೋಸ್ಕೋಪಿನ ಬೆಳಕು ಒಳಗೆಲ್ಲ ಚದುರುತ್ತದೆ. ಮಸೂರದ ತೆಳು ಚೀಲ ಸರಿಯಾಗಿ ಕಾಣಲ್ಲ. ಅದಕ್ಕೆ ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿಕೊಳ್ಳುತ್ತಾರೆ. ಅದರ ಜೊತೆ ಪೊರೆಯೂ ಕಲ್ಲಾಗಿದ್ದರೆ ಕೆಲಸ ಇನ್ನೂ ಕಷ್ಟ. ಕಣ್ಣು ಆಡುವುದರಿಂದ ಬರೀ ಡ್ರಾಪ್ಸ್ ಸಾಲದು, ಸಾಮಾನ್ಯವಾಗಿ ಕಣ್ಣಿನ ಪಕ್ಕದಲ್ಲಿ ಇಂಜೆಕ್ಷನ್ ಕೊಟ್ಟು ಅದರ ಆಟ ನಿಲ್ಲಿಸುತ್ತಾರೆ. ಕಾಕಾಗೆ ಸಣ್ಣ ಪೆಟ್ಟಿಗೂ ಮೈ ಕಂದುಗಟ್ಟುತ್ತಾ, ಮೂಗಿನಿಂದ ರಕ್ತ ಬರುತ್ತಾ? ಹಾಗಿದ್ದರೆ ಇಂಜೆಕ್ಷನ್ನಿಗೆ ಮೊದಲೇ ಡಾಕ್ಟರಿಗೆ ಹೇಳಲೇಬೇಕು. ಆಲ್ಬಿನಿಸಂನ ಒಂದು ಬಗೆಯಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ.

ಆಪರೇಷನ್ ಆದ ಮೇಲೆ ಪೊರೆಗೆ ಮುಂಚೆ ಎಷ್ಟು ಕಾಣುತ್ತಿತ್ತೋ ಹೆಚ್ಚುಕಮ್ಮಿ ಅಷ್ಟು ಕಾಣುತ್ತದೆ. ಇವರಲ್ಲಿ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಡುಭಾಗ ಹುಟ್ಟಿನಿಂದಲೇ ಪೂರ್ತಿ ಬೆಳೆದಿರುವುದಿಲ್ಲ, ಅದನ್ನು ಲೆನ್ಸ್ ಸರಿಮಾಡಲ್ಲ. ಆದರೆ ಕಾಕಾ ಮತ್ತೆ ಒಬ್ಬರೇ ಸಂತೆಗೆ ಹೋಗಿ ಬರುವಂತಾದರೆ ಅದು ಸಣ್ಣ ಲಾಭವಲ್ಲ. ನಮ್ಮ ಬಿಸಿಲಿಗೆ ಟೋಪಿ, ಕಪ್ಪು ಕನ್ನಡಕ ಯಾವಾಗಲೂ ಇರಲಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೈ, ಕೂದಲು, ಕಣ್ಣು ಮೂರಕ್ಕೂ ಬರುವ ಆಲ್ಬಿನಿಸಂಗೆ ಅಪ್ಪ, ಅವ್ವ ಇಬ್ಬರಿಂದಲೂ ಬದಲಾದ ಜೀನ್ ಬರಬೇಕು. ಅವರಿಬ್ಬರೂ ನೋಡಲು ಎಲ್ಲರಂತೆಯೇ ಇರಬಹುದು. ಆಗಲೂ ಪ್ರತಿ ಮಗುವಿಗೆ ಬರುವ ಸಾಧ್ಯತೆ 4ರಲ್ಲಿ 1. ಕಾಕಾನ ಮಕ್ಕಳೆಲ್ಲರಲ್ಲೂ ಆ ಜೀನಿನ ಒಂದು ಪ್ರತಿ ಇದ್ದೇ ಇರುತ್ತದೆ. ರಕ್ತಸಂಬಂಧದಲ್ಲೇ ಮದುವೆಯಾದರೆ ಎದುರಿನವರಲ್ಲೂ ಅದೇ ಇರುವ ಸಾಧ್ಯತೆ ಜಾಸ್ತಿ. ಮನೆಯಲ್ಲಿ ಅಂಥ ಮಾತುಕತೆ ನಡೆದಿದ್ದರೆ ನಿಶ್ಚಯಕ್ಕೆ ಮುಂಚೆ ಡಾಕ್ಟರನ್ನು ಕಂಡು ಕೇಳಿ.