ಕುರಿಹಿಕ್ಕೆಯಲ್ಲಿ ಸಿಕ್ಕ ಸಂಶೋಧನೆಯ ಪ್ರಶ್ನೆ

ತುಮಕೂರಿನಲ್ಲಿ ಪರಿಸರಶಾಸ್ತ್ರ ಪಾಠ ಮಾಡುವ ನನ್ನ ಬಳಿಗೆ ಪ್ರತಿ ವರ್ಷ ಕೆಲವರು ಬಂದು, ‘ಸಾರ್, ವನ್ಯಜೀವಿ ಸಂಶೋಧನೆ ಮಾಡಬೇಕು’ ಎನ್ನುತ್ತಾರೆ. ಯಾವುದರ ಮೇಲೆ ಎಂದರೆ ಹುಲಿ, ಇಲ್ಲವೇ ಆನೆ. ಎಲ್ಲಿ ಎಂದರೆ ಪಶ್ಚಿಮ ಘಟ್ಟ. ಶಿರಾ ಕಡೆಯ ಒಬ್ಬ ವಿದ್ಯಾರ್ಥಿಯೂ ಹೀಗೆಯೇ ಬಂದಿದ್ದ. ಮನೆಯವರು ಏನು ಮಾಡುತ್ತಾರೆ ಎಂದು ಕೇಳಿದೆ. ಕುರಿ ಸಾಕಣೆ ಎಂದ. ಮಾತಿನ ನಡುವೆ ಅವನೇ ಹೇಳಿದ: ‘ಬೇಸಿಗೆಯಲ್ಲಿ ಕುರಿಗಳು ಬಳ್ಳಾರಿ ಜಾಲಿಯ ಕಾಯಿ ತಿನ್ನುತ್ತವೆ ಸಾರ್. ಆ ಗೊಬ್ಬರ ಹಾಕಿದ ಹೊಲದಲ್ಲಿ ಮಳೆ ಬಿದ್ದ ಕೂಡಲೇ ಜಾಲಿ ಸಸಿಗಳು ಏಳುತ್ತವೆ.’ ನಿನ್ನ ಸಂಶೋಧನೆ ಇದೇ ಎಂದೆ. ಅವನು ನಂಬಲಿಲ್ಲ.

ಅವನ ಪ್ರಶ್ನೆ ಸಮುದಾಯ ಪರಿಸರಶಾಸ್ತ್ರಕ್ಕೆ ಸೇರಿದ್ದು. ಹಾಗೆಂದಾಗ ಹಲವರು ಜನಸಮುದಾಯ ಎಂದುಕೊಳ್ಳುತ್ತಾರೆ. ಒಂದೇ ನೆಲದಲ್ಲಿ ಕೂಡಿ ಬಾಳುವ ಗಿಡ, ಹುಳು, ಹಕ್ಕಿ, ಪ್ರಾಣಿಗಳ ಒಟ್ಟು ಬಳಗವೇ ಇಲ್ಲಿ ಸಮುದಾಯ. ಯಾರು ಯಾರನ್ನು ತಿನ್ನುತ್ತಾರೆ, ಯಾರ ಬೀಜವನ್ನು ಯಾರು ಹೊರುತ್ತಾರೆ, ಒಬ್ಬರು ಇಲ್ಲವಾದರೆ ಉಳಿದವರ ಗತಿ ಏನು ಎಂಬುದೇ ಈ ಶಾಸ್ತ್ರದ ತಿರುಳು. ಗುಜರಾತಿನ ವೇಳಾವದರದ ಹುಲ್ಲುಗಾವಲಿನಲ್ಲಿ ಸಂಶೋಧಕರು ಕೃಷ್ಣಮೃಗಗಳ ಹಿಕ್ಕೆಯನ್ನೇ ಅಳೆದರು. ಗಂಡು ಮೃಗಗಳು ತಮ್ಮ ಗಡಿ ಕಾಯುತ್ತಾ ಒಂದೇ ಜಾಗದಲ್ಲಿ ಹಿಕ್ಕೆ ಗುಡ್ಡೆ ಹಾಕುವುದರಿಂದ ಜಾಲಿ ಬೀಜ ಅಲ್ಲಿಯೇ ಹೆಚ್ಚಾಗಿ ಸೇರುತ್ತದೆ ಎಂಬುದು 2013ರಲ್ಲಿ ಪ್ರಕಟವಾಯಿತು. ನಮ್ಮ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ. ಅಲ್ಲಿ ಏನಾಗುತ್ತಿದೆ? ಕುರಿಯೂ ಕೃಷ್ಣಮೃಗವೂ ಮೇಯುವ ಕಾವಲುಗಳಲ್ಲಿ ಜಾಲಿಯನ್ನು ಹರಡಿ ಹುಲ್ಲನ್ನು ಹಿಂದೆ ತಳ್ಳುತ್ತಿರುವವರು ಯಾರು? ಕಾಗದದಲ್ಲಿ ‘ಬಂಜರು’ ಎನ್ನಿಸಿಕೊಂಡ ಈ ನೆಲ ತೋಳ, ನರಿ, ಗೌಜುಗಗಳ ಮನೆ. ಅದನ್ನು ಬಂಜರು ಎಂದು ಕರೆಯುವುದೇ ತಪ್ಪು ಎಂದು ನಾನು ದೃಢವಾಗಿ ನಂಬಿದ್ದೇನೆ.

ಕೋಲಾರದವರಿಗೂ ದೂರ ಹೋಗುವ ಅಗತ್ಯವಿಲ್ಲ. ಹನುಮನಹಳ್ಳಿಯ ಬಂಡೆಗುಹೆಯ ಎಲೆಮೂಗಿನ ಬಾವಲಿಯನ್ನು ವಿಜ್ಞಾನ ಗುರುತಿಸಿದ್ದು 1994ರಲ್ಲಿ. ಇಂದು ಅದು ಅಳಿವಿನ ತೀರಾ ಅಂಚಿನಲ್ಲಿದೆ.

ಇನ್ನು ದಾರಿಯ ಮಾತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗಳಲ್ಲಿ ವನ್ಯಜೀವಿ ವಿಷಯದ ಎಂ.ಎಸ್ಸಿ. ಇದೆ. ಮೊದಲನೆಯದು ಎರಡು ವರ್ಷಕ್ಕೊಮ್ಮೆ ತಂಡವನ್ನು ಸೇರಿಸಿಕೊಳ್ಳುತ್ತಾ ಬಂದಿದೆ, ಹಾಗಾಗಿ ಪದವಿಯ ಕೊನೆಯ ವರ್ಷದಲ್ಲೇ ಪ್ರವೇಶದ ಪ್ರಕಟಣೆಯ ಮೇಲೆ ಕಣ್ಣಿಡಿ. ಪಿಎಚ್.ಡಿ.ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ ಮತ್ತು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ನಮಗೆ ಬಸ್ಸಿನ ದೂರದಲ್ಲಿಯೇ ಇವೆ. ಜೀವವಿಜ್ಞಾನದ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ, 2023ರಿಂದ ಇದೇ ದರ. ಮನೆಯವರಿಗೆ ಈ ಅಂಕಿಯನ್ನು ತಪ್ಪದೆ ಹೇಳಿ. ‘ಕಾಡು ಸುತ್ತಿದರೆ ಹೊಟ್ಟೆ ತುಂಬುತ್ತದೆಯೇ’ ಎಂಬ ಅವರ ಆತಂಕ ನ್ಯಾಯವಾದದ್ದು.

ಆದರೆ ಅಂಕಪಟ್ಟಿಗಿಂತ ನನಗೆ ಮುಖ್ಯವಾಗಿ ಕಾಣುವುದು ಮಾರ್ಗದರ್ಶಕರಿಗೆ ಬರೆಯುವ ಪತ್ರ. ‘ನನಗೆ ಪ್ರಕೃತಿ ಎಂದರೆ ಬಾಲ್ಯದಿಂದಲೂ ಪ್ರೀತಿ’ ಎಂದು ಶುರುವಾಗುವ ಪತ್ರಗಳನ್ನು ಅವರು ದಿನವೂ ಓದುತ್ತಾರೆ. ಅವರ ಎರಡು ಪ್ರಬಂಧಗಳನ್ನಾದರೂ ಓದಿ. ನೀವು ಕಣ್ಣಾರೆ ಕಂಡದ್ದನ್ನು ನಾಲ್ಕು ಸಾಲಿನಲ್ಲಿ, ಎಣಿಕೆ ಸಹಿತ ಬರೆಯಿರಿ. ನಿಮ್ಮ ಪ್ರಶ್ನೆ ಅದರಲ್ಲಿರಲಿ. ಇಂಗ್ಲಿಷ್ ತೊಡಕಾದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ, ಹಾಗೆ ಮಾಡಿದರೆ ಯೋಚನೆ ತಿಳಿಯಾಗುತ್ತದೆ. ಅಂಕಿಅಂಶಕ್ಕೆ ‘ಆರ್’ ಎಂಬ ಉಚಿತ ತಂತ್ರಾಂಶವನ್ನು ಇಂದೇ ಕಲಿಯಲು ಆರಂಭಿಸಿ. ಮೀಸಲು ಪ್ರದೇಶದೊಳಗೆ ಕೆಲಸ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಮಳೆಗಾಲ ಬಂದ ಮೇಲೆ ಅರ್ಜಿ ಹಾಕಿದರೆ ಆ ವರ್ಷದ ಸಸಿಗಳು ಕೈತಪ್ಪಿದಂತೆ.

ಶಿರಾದ ಹುಡುಗ ಎರಡು ಹೊಲಗಳಲ್ಲಿ ಒಂದೊಂದು ಮೀಟರಿನ ಚೌಕ ಹಾಕಿ ಸಸಿಗಳನ್ನು ಎಣಿಸಿದ. ಒಂದು ಕುರಿಗೊಬ್ಬರ ಹಾಕಿದ್ದು, ಇನ್ನೊಂದು ಹಾಕದ್ದು. ಎಣಿಕೆಯನ್ನು ಪತ್ರದಲ್ಲಿ ಬರೆದು ಒಬ್ಬ ಮಾರ್ಗದರ್ಶಕರಿಗೆ ಕಳುಹಿಸಿದ. ಹನ್ನೆರಡನೆಯ ದಿನ ಬಂದ ಉತ್ತರದಲ್ಲಿ ಒಂದೇ ಪ್ರಶ್ನೆ ಇತ್ತು: ಮೇಕೆಯ ಹಿಕ್ಕೆಯಿಂದಲೂ ಇಷ್ಟೇ ಸಸಿ ಏಳುತ್ತವೆಯೇ? ಅವನು ಈಗ ಅದನ್ನು ಎಣಿಸುತ್ತಿದ್ದಾನೆ.